ಆಣೆ ಅಜ್ಜ
ನಮ್ಮ ಬೀದಿಯ ತುದಿಯಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟಿರುವ ಮುದುಕರಿಗೆ ಆಣೆ ಅಜ್ಜ ಎಂದೇ ಹೆಸರು. ರೂಪಾಯಿಗೆ ನೂರು ಪೈಸೆ ಆದದ್ದನ್ನು ಅವರು ಇನ್ನೂ ಒಪ್ಪಿಲ್ಲ. ಅವರ ನಿಷ್ಠೆ ಹದಿನಾರಾಣೆಯ ರೂಪಾಯಿಗೇ. ಆರೋಗ್ಯ ವಿಚಾರಿಸಿದರೆ, "ಹದಿನಾಲ್ಕಾಣೆ ಚೆನ್ನಾಗಿದೀನಮ್ಮ, ಎರಡಾಣೆ ಮಂಡಿನೋವು" ಎನ್ನುತ್ತಾರೆ. ಗಿರಾಕಿ ಬಂದರೆ ನಾಣ್ಯಕ್ಕಿಂತ ಮೊದಲು ಪಾಠ ಸಿಗುತ್ತದೆ: "ಅಂಚು ಹೂವಿನೆಸಳಿನ ಹಾಗಿದ್ರೆ ಒಂದಾಣೆ, ಚೌಕ ಇದ್ರೆ ಎರಡಾಣೆ, ನಡುವೆ ತೂತಿದ್ರೆ ಕಾಸು. ಕತ್ತಲಲ್ಲೂ ಮೋಸ ಹೋಗೋ ಹಾಗಿರಲಿಲ್ಲ. ಈಗಿನವೋ, ಎಲ್ಲಾ ಒಂದೇ ತರದ ಬಿಲ್ಲೆ!" ಯಾವ ನಾಣ್ಯ ಕೊಟ್ಟರೂ ಅವರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದಲೇ ಓದುತ್ತಾರೆ, ನಾವು ಅದನ್ನು ಗತ್ತು ಎಂದುಕೊಂಡಿದ್ದೆವು. "ಕಣ್ಣು ಕಾಣದ ದಿನ ಅಂಗಡಿಗೆ ಬೀಗ ಕಣಪ್ಪ" ಎಂದು ಮಗಳು ಮೊದಲೇ ಹೇಳಿಟ್ಟಿದ್ದಾಳೆ. ನಿನ್ನೆ ನಾನಿದ್ದಾಗಲೇ ಅವಳು ಬಂದು, ಅವರ ಅಂಗೈಗೆ ಒಂದು ನಾಣ್ಯ ಹಾಕಿ, "ಇದರಲ್ಲಿ ಏನು ಚಿತ್ರ ಇದೆ, ನೋಡಿ ಹೇಳಪ್ಪ" ಎಂದಳು. ಅಜ್ಜ ಹೆಬ್ಬೆರಳು ಆಡಿಸಿ, "ರಾಜನ ತಲೆ. ಪಾಪ, ಮೂಗು ಸವೆದಿದೆ, ಕಿರೀಟ ಮಾತ್ರ ಗಟ್ಟಿಯಾಗಿದೆ" ಎಂದರು. ಹೇಳಿದ್ದು ಸರಿಯಾಗಿಯೇ ಇತ್ತು. ಮಗಳು ಏನೂ ಮಾತಾಡದೆ ಅವರೆದುರಿಗೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಜ್ಜ ನನ್ನ ಕಡೆ ಬಾಗಿ, "ಹೋದ್ಲೇನಮ್ಮ?" ಎಂದು ಪಿಸುಗುಟ್ಟಿದರು. ಮಗಳು ನನ್ನನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟಳು. "ಹೋದ್ಲು ಅಜ್ಜ" ಎಂದೆ, ದೇವರು ಕ್ಷಮಿಸಲಿ. ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಮೆಟ್ಟಿಲಿಳಿದು ಹೋದಳು.