ಮೂಳೆ ಸಮೇತ

ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ತೂಕ ಹಾಕಿದ ಹೆಂಗಸು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾಳೆ ಅಂದುಕೊಂಡವರು ಅವಳನ್ನು ಬಲ್ಲವರಲ್ಲ. ನಾಲ್ಕು ಮಹಡಿಯ ಆ ಹಳೇ ಕಟ್ಟಡದಲ್ಲಿ ಅವಳಿಗೆ ತಕ್ಕಡಿ ಅಕ್ಕ ಎಂದೇ ಹೆಸರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಹೆಸರು. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಕಣ್ಣಂದಾಜಿನಲ್ಲಿ ಬದುಕುವ ಜನರ ನಡುವೆ ತಾನೊಬ್ಬಳು ಲೆಕ್ಕದವಳು ಎಂಬ ಜಂಬ ಸ್ವಲ್ಪ ಇದ್ದೇ ಇತ್ತು. ಚಹಾಕ್ಕೆ ಸಕ್ಕರೆಯನ್ನೂ ಅವಳು ಎಂಟು ಗ್ರಾಂ ಅನ್ನುತ್ತಿದ್ದಳೇ ಹೊರತು ಒಂದು ಚಮಚ ಅಂದದ್ದು ಯಾರೂ ಕೇಳಿಲ್ಲ.

ಅವಳ ಕೆಲಸ ಹೇಗಿತ್ತೆಂದರೆ, ಬೆಳಿಗ್ಗೆ ಆರಕ್ಕೆ ಒಂದೊಂದು ವಾರ್ಡಿನಿಂದಲೂ ಒಂದೊಂದು ಚೀಟಿ ಬರುತ್ತಿತ್ತು. ಉಪ್ಪಿಲ್ಲದ ಊಟ ಇಷ್ಟು, ಸಕ್ಕರೆಯಿಲ್ಲದ್ದು ಇಷ್ಟು, ಹಲ್ಲಿಲ್ಲದವರಿಗೆ ಮೆತ್ತಗಿನದು ಇಷ್ಟು. ಮಾಂಸದ ಸಾಲಿನಲ್ಲಿ ಯಾವಾಗಲೂ ಒಂದೇ ಒಕ್ಕಣೆ: ಕೋಳಿ, ಮೂಳೆ ಸಮೇತ, ತಲೆಗೆ ನೂರೈವತ್ತು ಗ್ರಾಂ. ಅಂದರೆ ಮೂಳೆ ಸಮೇತ ತೂಗಿ ತೆಗೆದುಕೊಳ್ಳುವುದು, ಆಮೇಲೆ ಮೂಳೆಯನ್ನೆಲ್ಲ ಬಿಡಿಸಿ ತಟ್ಟೆಗೆ ಬರೀ ಮಾಂಸ ಹಾಕುವುದು. ಇದನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಮುದುಕರ ಗಂಟಲಲ್ಲಿ ಮೂಳೆಯ ಚೂರು ಸಿಕ್ಕಿಕೊಂಡು ಅವರು ನೀಲಿಗಟ್ಟಿದ್ದರು. ಬದುಕಿಕೊಂಡರು, ಆದರೆ ಹಿರಿಯ ಸಿಸ್ಟರು ಅಡುಗೆಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆವರಿಳಿಸಿಬಿಟ್ಟರು. ಅವತ್ತಿನಿಂದ ವಾರ್ಡಿಗೆ ಹೋಗುವ ಪ್ರತಿಯೊಂದು ಪಾತ್ರೆಯಲ್ಲೂ ಅವಳು ಬೆರಳಾಡಿಸಿ ನೋಡಿದ ಮೇಲೆಯೇ ಮುಚ್ಚಳ. ಮತ್ತೆ ಮೂವತ್ತು ವರ್ಷ ಅವಳ ಕೈ ದಾಟಿ ಒಂದೇ ಒಂದು ಮೂಳೆ ಹೋಗಲಿಲ್ಲ. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರು ಅದನ್ನೇ ಎತ್ತಿ ಹೇಳಿದರು. ಅವಳು ಅತ್ತದ್ದೂ ಆಗಲೇ.

ಇಂಥವಳ ಮನೆಗೆ ಬೆಕ್ಕಿನ ಮರಿ ಬಂತು. ಕಟ್ಟಡದ ಕೆಳಗೆ ಒಬ್ಬ ದರ್ಜಿಯ ಅಂಗಡಿ. ಅವನ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಬೀದಿಯ ಬೆಕ್ಕೊಂದು ಎರಡು ಮರಿ ಹಾಕಿ, ಅವು ತಿನ್ನಲು ಕಲಿತ ಮೇಲೆ ನಾಪತ್ತೆಯಾಯಿತು. ಚುಕ್ಕೆಚುಕ್ಕೆಯದನ್ನು ದರ್ಜಿ ಇಟ್ಟುಕೊಂಡು ದಾರ ಎಂದು ಕರೆದ. ಕಪ್ಪನೆಯದನ್ನು ಅಕ್ಕ ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ಹೋದಳು. ಮೊದಲ ನಾಲ್ಕು ದಿನ ಅದನ್ನು ಹೊಸ ಪೇಷಂಟು ಅನ್ನುತ್ತಿದ್ದಳು. ಐದನೇ ದಿನ ಮಸಿ ಎಂಬ ಹೆಸರು ಬಂತು. ಮಕ್ಕಳುಮರಿ ಇಲ್ಲದ ಹೆಂಗಸು, ಮುದ್ದು ಮಾಡುವ ಅಭ್ಯಾಸ ಇರಲಿಲ್ಲ. ಆದರೂ ಮರಿ ಮಡಿಲಲ್ಲಿ ಮಲಗಿದ್ದರೆ ಕಾಲು ಜೋಮು ಹಿಡಿದರೂ ಏಳುತ್ತಿರಲಿಲ್ಲ.

ಪಶುವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಚುರುಕು, ಹೊರಗೆ ಯಾವಾಗಲೂ ಕಾಯುವವರ ಸಾಲು. ಏನು ತಿನ್ನಿಸಲಿ ಎಂದು ಅಕ್ಕ ಕೇಳಿದ್ದಕ್ಕೆ, ಪ್ಯಾಕೆಟ್ಟಿನ ಆಹಾರ ಹಾಕಿದರೆ ತಲೆನೋವಿಲ್ಲ ಅಂದಳು. ಹಸಿ ಮಾಂಸವನ್ನೂ ಕೊಡಬಹುದು, ಆದರೆ ಎಲ್ಲವೂ ಪ್ರಮಾಣಕ್ಕೆ ಸರಿಯಾಗಿ ಇರಬೇಕು.

"ಅಳತೆ ಹೆಚ್ಚುಕಮ್ಮಿ ಆದ್ರೆ ಹಸಿ ಊಟದ ಸಹವಾಸವೇ ಬೇಡಮ್ಮಾ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ."

ಹೋಗಿ ಹೋಗಿ ಇವಳ ಮುಂದೆ ಈ ಮಾತು! ಅಕ್ಕ ಕುರ್ಚಿಯಲ್ಲೇ ನೆಟ್ಟಗಾದಳು. "ಬರ್ದುಕೊಡಿ ಡಾಕ್ಟ್ರೇ" ಅಂದಳು. ಡಾಕ್ಟರು ಬರೆದುಕೊಟ್ಟಳು: ಕೋಳಿ ತೊಡೆ, ಮೂಳೆ ಸಮೇತ, ಏಳುನೂರು ಗ್ರಾಂ. ಕೋಳಿಯ ಗುಂಡಿಗೆ ಇನ್ನೂರು. ಲಿವರ್ ಐವತ್ತು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಮೊಟ್ಟೆಯ ಹಳದಿ ಎರಡು, ಮೀನೆಣ್ಣೆ ಇಷ್ಟು ಹನಿ, ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕೇ ಬೇಕಾದ ಟಾರಿನ್ ಎಂಬ ಬಿಳಿ ಪುಡಿ ಇಷ್ಟು. ಎಲ್ಲ ಅರೆದು, ಡಬ್ಬಿಗಳಲ್ಲಿ ಫ್ರೀಜರಿಗಿಟ್ಟು, ದಿನದ್ದು ದಿನ ತೆಗೆದು ಕೊಡುವುದು.

ಅಕ್ಕ ಚೀಟಿಯನ್ನು ತನಗೆ ಗೊತ್ತಿದ್ದ ಹಾಗೆಯೇ ಓದಿದಳು. ಪ್ರತಿ ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಗೆ ಹೋಗಿ ತೊಡೆಗಳನ್ನು ಮೂಳೆ ಸಮೇತ ತೂಗಿಸುವಳು. ಏಳುನೂರರ ಮೇಲೆ ಮುಳ್ಳು ಒಂದು ಕೂದಲೆಳೆ ಸರಿದರೂ ಅಂಗಡಿಯವನಿಗೆ ಬಿಡುಗಡೆಯಿಲ್ಲ. ಮನೆಗೆ ಬಂದು ಕೈ, ಚಾಕು, ಹಲಗೆ ಎಲ್ಲ ಬಿಸಿನೀರಲ್ಲಿ ತೊಳೆದು, ಕೂತು ನಿಧಾನವಾಗಿ ಮೂಳೆ ಬಿಡಿಸುವಳು. ಮಾಂಸ ಅರೆದ ಮೇಲೂ ಬೆರಳಾಡಿಸಿ ನೋಡುವಳು. ಮೃದ್ವಸ್ಥಿಯ ಕಾಳು ಸಿಕ್ಕಿದರೂ ಕಿತ್ತು ಬಿಸಾಡುವಳು. ಹತ್ತು ವಾರ ಹೀಗೆ ನಡೆಯಿತು. ಮರಿ ಬಟ್ಟಲು ನೆಕ್ಕಿ ಹೊಳೆಯಿಸುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವಳು ತಕ್ಕಡಿ ಅಕ್ಕ ಹೇಗಾದಾಳು? ಮೊದಲನೇ ವಾರವೇ ಚೀಟಿಯನ್ನು ದಪ್ಪಕ್ಷರದಲ್ಲಿ ನಕಲು ಮಾಡಿ, ಡಾಕ್ಟರು ಬರೆಯದೆ ಬಿಟ್ಟದ್ದನ್ನು ತಾನೇ ಸೇರಿಸಿ, "ಮೂಳೆ ಒಂದು ಚೂರೂ ಉಳಿಯಬಾರದು" ಎಂದು ಕೆಳಗೆ ಎರಡು ಗೆರೆ ಎಳೆದು, ದರ್ಜಿಯ ಕೈಗಿಟ್ಟಳು.

"ಎರಡೂ ಒಂದೇ ಹೊಟ್ಟೇಲಿ ಹುಟ್ಟಿದ್ದು. ಒಂದು ರಾಜನ ಹಾಗೆ ಬೆಳೆದು ಇನ್ನೊಂದು ಭಿಕಾರಿ ಆಗೋದು ಬೇಡ. ಗ್ರಾಂ ಲೆಕ್ಕದಲ್ಲಿ ಹಾಕು, ತಿಳೀತಾ?"

"ಆಯ್ತಕ್ಕ" ಅಂದ ದರ್ಜಿ. ಅಕ್ಕನ ಎದುರು ಬೇರೆ ಮಾತಾಡಿ ಗೆದ್ದವರು ಆ ಕಟ್ಟಡದಲ್ಲಿ ಇರಲಿಲ್ಲ. ಆಮೇಲೆ ಅವಳು ಮೆಟ್ಟಿಲಿಳಿದಾಗಲೆಲ್ಲ ವಿಚಾರಿಸುವಳು, ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೂಂ ಹೂಂ ಎಂದು ತಲೆಯಾಡಿಸುವನು.

ಹನ್ನೊಂದನೇ ವಾರ ಮಸಿ ಕಿಟಕಿಯ ಕಟ್ಟೆಗೆ ಹಾರುವುದನ್ನು ನಿಲ್ಲಿಸಿತು. ಕೆಳಗೆ ಕೂತು ಕಟ್ಟೆಯನ್ನೇ ನೋಡುತ್ತಿತ್ತು. ಅಕ್ಕ ಅದನ್ನು ತೂಗಿ ನೋಡಿದಳು. ತೂಕ ಚೆನ್ನಾಗಿಯೇ ಏರಿತ್ತು, ಹಾಗಾಗಿ ಸೋಮಾರಿ ಅಂದುಕೊಂಡಳು. ಎರಡು ದಿನ ಬಿಟ್ಟು ಎತ್ತಿಕೊಳ್ಳಲು ಹೋದರೆ ಅದು ಚೀರಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮಾರನೇ ಬೆಳಿಗ್ಗೆ ಅವಳ ಕಣ್ಣೆದುರೇ ಮರಿ ಕಾಲ್ಮಣೆಯಿಂದ ಇಳಿಯಿತು, ಗೇಣೆತ್ತರದ ಕಾಲ್ಮಣೆ, ಇಳಿದದ್ದೇ ಹಿಂಗಾಲು ಅಡ್ಡಕ್ಕೆ ತಿರುಗಿ ಕುಸಿಯಿತು. ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು.

ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿದಳು. ಮೂಳೆ ಬೆಳ್ಳಗೆ ಕಾಣಬೇಕಾದ ಕಡೆ ಬರೀ ಬೂದುಬಣ್ಣ, ಎಲ್ಲಿ ಮಾಂಸ ಮುಗಿದು ಎಲ್ಲಿ ಮೂಳೆ ಶುರುವಾಗುತ್ತದೋ ಹೇಳುವಂತಿರಲಿಲ್ಲ.

"ಏನು ತಿನ್ನಿಸ್ತಿದ್ದೀರಮ್ಮಾ?"

"ನೀವು ಬರ್ದದ್ದೇ. ಒಂದು ಗ್ರಾಂ ಆಚೀಚೆ ಇಲ್ಲ."

"ಸಾಧ್ಯವೇ ಇಲ್ಲ. ಮೂಳೆ ಸಮೇತ ಅಂತ ಬರ್ದಿದ್ದೆನಲ್ಲ?"

"ಮೂಳೆ ಸಮೇತಾನೇ ತೂಗಿದ್ದು ಡಾಕ್ಟ್ರೇ. ಆಮೇಲೆ ತೆಗೆದೆ."

"ತೆಗೆದಿರಾ? ಯಾಕೆ?"

ಯಾಕೆ ಎಂಬ ಪ್ರಶ್ನೆ ಅಕ್ಕನಿಗೆ ಅರ್ಥವೇ ಆಗಲಿಲ್ಲ. ಅಡುಗೆಮನೆಯ ಪದ್ಧತಿ ಹೇಳಿದಳು, ಚೀಟಿ, ವಾರ್ಡು, ನೀಲಿಗಟ್ಟಿದ ಮುದುಕರು, ಎಲ್ಲ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಕೂತಳು.

"ಮೂಳೆ ನುಣ್ಣಗೆ ಅರೆದು ಅದರೊಳಗೇ ಸೇರಬೇಕಿತ್ತು. ಇದಕ್ಕೆ ಸುಣ್ಣದ ಅಂಶ, ಕ್ಯಾಲ್ಸಿಯಂ, ಸಿಗೋದು ಅಲ್ಲಿಂದ ಮಾತ್ರ. ಸಿಗದೇ ಹೋದಾಗ ಮೈ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತೆ. ಅರೀಬೇಕು ಅಂತ ನಾನೂ ಬಿಡಿಸಿ ಬರೀಬೇಕಿತ್ತು, ತಪ್ಪಾಯ್ತು."

"ಬದುಕುತ್ತಾ?"

"ಬದುಕುತ್ತೆ ಅನ್ಸುತ್ತೆ. ನಡೆಯುತ್ತಾ ಅಂತ ಈಗ್ಲೇ ಹೇಳಕ್ಕಾಗಲ್ಲ. ಎಂಟು ವಾರ ಪಂಜರದಲ್ಲಿಡಿ. ಹಾರಬಾರದು, ಓಡಬಾರದು. ಬೆನ್ನುಮೂಳೆ ಮುರಿದ್ರೆ ಮುಗೀತು."

ಪಂಜರ ಹಿಡಿದು ಮನೆ ತಲುಪುವಾಗ ಅಕ್ಕನ ತಲೆಯಲ್ಲಿ ಇನ್ನೊಂದು ಮರಿ. ಎರಡು ಗೆರೆ ಎಳೆದು ಕೊಟ್ಟ ಚೀಟಿ ಅದು. ನೇರ ಅಂಗಡಿಗೆ ನುಗ್ಗಿದಳು. ದರ್ಜಿ ಒಂದು ಕಾಲರಿನ ಮೇಲೆ ಬಗ್ಗಿದ್ದ.

"ದಾರ ಎಲ್ಲಿ? ಅದನ್ನ ಎತ್ತಬೇಡ, ಯಾರೂ ಮುಟ್ಟಬೇಡಿ!"

"ಇಲ್ಲೇ ಎಲ್ಲೋ ಇರುತ್ತೆ, ಯಾಕಕ್ಕ?"

"ನನ್ನ ಚೀಟಿ ತಪ್ಪು. ಪೂರ್ತಿ ತಪ್ಪು. ಮೂಳೆ ತೆಗೀಬಾರದಿತ್ತು. ನೀನು ತೆಗೀತಿದ್ದೆಯಾ?"

ಅಕ್ಕನ ಬಾಯಲ್ಲಿ ತಪ್ಪು ಎಂಬ ಮಾತೇ? ಇದ್ಯಾವುದೋ ಪರೀಕ್ಷೆ ಅಂದುಕೊಂಡ ದರ್ಜಿ. "ಅಯ್ಯೋ, ನೀವು ಹೇಳಿದ ಮೇಲೆ ಬಿಡ್ತೀನಾ? ಒಂದು ಚೂರೂ ಉಳಿಸ್ತಿರಲಿಲ್ಲ, ದೇವರಾಣೆ" ಅಂದ.

ಅಕ್ಕ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ಹಾಗೆ ಕೂತವಳ ತಲೆಯ ಮೇಲಿಂದಲೇ ದಾರ ಎಂಬುದು ಗೋಡೆಯ ಕಪಾಟಿನ ತುದಿಯಿಂದ ಕತ್ತರಿ ಮೇಜಿಗೆ, ಮೇಜಿನಿಂದ ನೆಲಕ್ಕೆ ಧುಮುಕಿ ಬಾಗಿಲಾಚೆ ಓಡಿತು. ಅಕ್ಕ ಬಾಗಿಲನ್ನೇ ನೋಡಿದಳು. ಆಮೇಲೆ ದರ್ಜಿಯನ್ನು ನೋಡಿದಳು.

"ನಿಜ ಹೇಳು."

ದರ್ಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ. "ಬೈಬೇಡಿ ಅಕ್ಕ. ಮೊದಲನೇ ವಾರವೇ ಕೈಬಿಟ್ಟೆ. ಯಾರು ಕೂತು ಬಿಡಿಸ್ತಾರೆ? ಕೋಳಿಯವನು ಮೂಳೆಗೀಳೆ ಎಲ್ಲ ಸೇರಿಸಿ ಯಂತ್ರಕ್ಕೆ ಹಾಕಿಕೊಡ್ತಾನೆ, ಅದಕ್ಕೆ ಚೀಟೀಲಿದ್ದ ಬಿಳಿ ಪುಡಿ ಉದುರಿಸಿ ಇಡ್ತೀನಿ. ತೂಕಗೀಕ ಏನೂ ಇಲ್ಲ. ನಿಮಗೆ ಸುಳ್ಳು ಹೇಳಿದೆ."

ಯಾರಾದರೂ ತನಗೆ ಸುಳ್ಳು ಹೇಳಿದರೆ ಅಕ್ಕ ಮೂರು ತಿಂಗಳು ಮಾತು ಬಿಡುತ್ತಿದ್ದವಳು. ಅವತ್ತು ಅವಳಿಗೆ ಆದದ್ದು ಬರೀ ಸಂತೋಷ. ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಮಾತು ಕೇಳದೆ ಇದ್ದದ್ದು ಒಳ್ಳೇದಾಯ್ತಪ್ಪಾ" ಅಂದಳು. ದರ್ಜಿ ಕಕ್ಕಾಬಿಕ್ಕಿಯಾದ. ಪಂಜರದೊಳಗೆ ಮಸಿ ಕಾಲು ಚಾಚಿ ಮಲಗಿದ್ದನ್ನು ಅವನು ಆಮೇಲೆ ಕಂಡದ್ದು.

ಎಂಟು ವಾರ ನಿಧಾನವಾಗಿ ಹೋಯಿತು. ಈಗ ಅಂಗಡಿಯವನ ಯಂತ್ರದ ಮುಂದೆ ಅಕ್ಕ ತಾನೇ ನಿಂತು, ಮೂಳೆ ಸಮೇತ ಎರಡೆರಡು ಸಲ ಅರೆಸಿಕೊಂಡು ಬರುತ್ತಿದ್ದಳು. ಮೇಲೆ ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ಪುಡಿ. ಕಷ್ಟ ಅದಲ್ಲ. ಬಟ್ಟಲನ್ನು ಪಂಜರದೊಳಗೆ ಇಡುವ ಮುನ್ನ ಅವಳ ಬೆರಳುಗಳು ತಾವಾಗಿಯೇ ಒಳಗಿಳಿದು ಹುಡುಕುತ್ತಿದ್ದವು, ಸಣ್ಣ ಚೂರು ಸಿಕ್ಕಿದರೆ ಎತ್ತಿಬಿಡುತ್ತಿದ್ದವು. ಅವಳು ಅದನ್ನು ವಾಪಸು ಹಾಕುತ್ತಿದ್ದಳು. ಕಡೆಗೆ ಚಮಚ ಹಿಡಿದು ಬಡಿಸುವುದನ್ನು ರೂಢಿ ಮಾಡಿಕೊಂಡಳು. ಮಧ್ಯಾಹ್ನದ ಹೊತ್ತು ಪಂಜರದ ಪಕ್ಕ ಚಾಪೆ ಹಾಕಿ ಮಲಗಿ ಮರಿಯ ಬಾಲ ಅಲ್ಲಾಡುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವಳು. ಮೂರನೇ ವಾರ ಅದು ತಾನಾಗಿ ಎದ್ದು ನಿಂತಿತು. ಐದನೇ ವಾರ ಕಂಬಿ ಕಚ್ಚಿ ಹೊರಗೆ ಬಿಡು ಎಂದು ಅರಚತೊಡಗಿತು. ಆ ಅರಚಾಟವನ್ನು ಅಕ್ಕ ದಿನವಿಡೀ ಖುಷಿಯಿಂದ ಕೇಳಿದಳು.

ಕೊನೆಯ ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗಿದ್ದವು. ಮುರಿದ ಕಾಲು ಸೊಟ್ಟಗೆ ಕೂಡಿಕೊಂಡಿತ್ತು. "ನಡೆಯುತ್ತೆ, ಹಾರುತ್ತೆ, ಆದರೆ ಕುಂಟು ಹೋಗಲ್ಲ" ಅಂದಳು ಡಾಕ್ಟರು. ಅಕ್ಕ ತಲೆಯಾಡಿಸಿ ಮರಿಯನ್ನು ಎತ್ತಿಕೊಂಡಳು. ಅದು ಚೀರಲಿಲ್ಲ.

ಈಗ ಮಸಿ ಸಂಜೆ ಹೊತ್ತು ಮೆಟ್ಟಿಲಿಳಿದು ದರ್ಜಿಯ ಅಂಗಡಿಗೆ ಬರುತ್ತದೆ, ಒಂದು ಮೆಟ್ಟಿಲಿಗೊಮ್ಮೆ ಸೊಂಟ ವಾಲಿಸುತ್ತ. ಹಿಂದಿನಿಂದ ಅಕ್ಕ. ಮೂರನೇ ಮಹಡಿಗೆ ಹೊಸದಾಗಿ ಬಂದ ಬ್ಯಾಂಕಿನ ಹೆಂಗಸು ಒಂದು ಸಂಜೆ ರವಿಕೆ ಅಳತೆಗೆ ನಿಂತಿದ್ದವಳು ಅದನ್ನು ಕಂಡು, "ಅಯ್ಯೋ ಪಾಪ, ಏನಾಯ್ತು ಇದರ ಕಾಲಿಗೆ?" ಎಂದಳು.

ಅಕ್ಕ ಬಾಯಿ ತೆರೆಯುವ ಮೊದಲೇ ದರ್ಜಿ ಟೇಪು ಬಿಟ್ಟು, "ಮೆಟ್ಟಿಲಿಂದ ಬಿದ್ದುಬಿಡ್ತು ಮೇಡಂ. ಮರಿ ಅಲ್ವಾ, ತುಂಟಾಟ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಕೇಳಿದವರಿಗೆಲ್ಲ ಅವನು ಹಾಗೆಯೇ ಹೇಳಿಕೊಂಡು ಬಂದಿದ್ದಾನೆಂದು ಅಕ್ಕನಿಗೆ ಆಗಲೇ ಗೊತ್ತಾದದ್ದು. ಸುಮ್ಮನಿದ್ದರೆ ಆಗುತ್ತಿತ್ತು. ಮೂವತ್ತೊಂದು ವರ್ಷದ ಮಾನ ಹಾಗೆಯೇ ಉಳಿಯುತ್ತಿತ್ತು.

"ಇಲ್ಲಮ್ಮಾ, ಬೀಳಲಿಲ್ಲ" ಅಂದಳು ಅಕ್ಕ. "ಅದರ ಊಟದಿಂದ ನಾನು ಮೂಳೆ ತೆಗೆದೆ. ಹತ್ತು ವಾರ, ಪ್ರತಿ ಭಾನುವಾರ, ಕೂತು ತೆಗೆದೆ."