ಅಪ್ಪ ಓದದೆ ಬಿಟ್ಟ ಹೆಸರುಗಳು

ನಾನು ಚಿಕ್ಕವನಿದ್ದಾಗ ಮುಂಬಯಿಯ ನಮ್ಮ ಚಾಳಿಗೆ, ಸಾಲು ಕೋಣೆಗಳ ಆ ಹಳೆಯ ಕಟ್ಟಡಕ್ಕೆ, ಸುದ್ದಿ ಸಾಂಬಾರಿನ ವಾಸನೆಯೊಂದಿಗೆ ಬರುತ್ತಿತ್ತು. ಅಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಗಿರಾಕಿಗಳೆಲ್ಲ ಓದಿ ಮುಗಿಸಿದ ಇಂಗ್ಲಿಷ್ ಪತ್ರಿಕೆಯನ್ನು ಮಧ್ಯಾಹ್ನ ಮನೆಗೆ ತರುತ್ತಿದ್ದರು. ಅಂಚಿನಲ್ಲಿ ಚಹಾದ ಉಂಗುರ, ನಡುವೆ ಎಣ್ಣೆಯ ಕಲೆ. ನಾಲ್ಕು ಗಂಟೆಗೆ ಮೂರನೇ ಮಹಡಿಯ ಕನ್ನಡದ ಮನೆಯವರೆಲ್ಲ ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಸೇರುತ್ತಿದ್ದರು. ಅಪ್ಪ ಒಂದೊಂದು ಸುದ್ದಿಯನ್ನೂ ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು. ಹೋಟೆಲಿನ ಗದ್ದಲದಲ್ಲಿ ಮೊದಲೇ ಓದಿಕೊಳ್ಳಲು ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಹಾಗಾಗಿ ನಮಗೆ ಗೊತ್ತಾಗುವಾಗಲೇ ಅವರಿಗೂ ಗೊತ್ತಾಗುತ್ತಿತ್ತು.

ಮುಂಬಯಿ ಯಾವ ರಾಜ್ಯಕ್ಕೆ ಸೇರಬೇಕು ಎಂದು ಊರಿಡೀ ಗಲಾಟೆ ನಡೆದ ಕಾಲ ಅದು. ಒಂದು ವಾರದಿಂದ ಪತ್ರಿಕೆಯಲ್ಲಿ ಕಲ್ಲು, ಲಾಠಿ, ಗೋಲಿಬಾರು ಬಿಟ್ಟರೆ ಬೇರೆ ಇರಲಿಲ್ಲ. ಕೊನೆಗೆ ಸತ್ತವರ, ಗಾಯಗೊಂಡವರ ಹೆಸರುಗಳು ಇರುತ್ತಿದ್ದವು. ಎದುರಿಗೆ ವಯಸ್ಸು, ಇರುವ ಜಾಗ. ಅಪ್ಪ ಒಂದನ್ನೂ ಬಿಡದೆ ಓದುತ್ತಿದ್ದರು. ಕೇಳಿ ಕೇಳಿ ಗ್ಯಾಲರಿಯ ಮಾತು ಸತ್ತುಹೋಗಿತ್ತು. ಅಕ್ಕ ಅರ್ಧ ಊಟಕ್ಕೇ ಏಳುತ್ತಿದ್ದಳು. ನಾನು ಹೆಸರುಗಳ ಸರದಿ ಬಂದೊಡನೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಬೆಳಗಾವಿ ಕಡೆಯ ಒಬ್ಬ ಹೆಂಗಸು ಇದ್ದರು, ನಮಗೆಲ್ಲ ಅವರು ಕಾಕು. ಅವರ ಒಬ್ಬನೇ ಮಗ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅಂದು ನಾಲ್ಕು ಗಂಟೆಗೆ ನಾವು ಸೇರಿದಾಗ ಅವನು ಮನೆಯಲ್ಲಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಹೋದವನು ರಾತ್ರಿ ಬಂದಿರಲಿಲ್ಲ.

"ಲೋಕಲ್ ಗಾಡಿ ಬಂದ್ ಆಗ್ಯಾವಲ್ರೀ, ಗಿರಣಿಗೆ ಹತ್ರ ಅಂತ ಘಾಟ್ಕೋಪರಿಗೆ ಅವರ ಮಾಮಾನ ಮನಿಗೆ ಹೋಗಿರ್ತಾನ," ಎಂದು ಕಾಕು ಎಲ್ಲರಿಗೂ ಹೇಳಿದ್ದರು. "ಹಿಂದಕ್ಕೊಮ್ಮೆ ಹಂಗ ಮಾಡಿದ್ದ. ಅಲ್ಲಿ ಮಾಮಿ ಚಪಾತಿ ಮೆತ್ತಗ ಮಾಡ್ತಾಳಂತ. ನನ್ನ ರೊಟ್ಟಿ ಸಾಕಾಗ್ಯಾವ ಅವಗ." ಹೇಳುವಾಗ ನಗುತ್ತಿದ್ದರು, ಆದರೆ ಕಣ್ಣು ಮೆಟ್ಟಿಲ ಕಡೆಗೇ ಇತ್ತು.

ಅಪ್ಪ ಗೋಲಿಬಾರಿನ ಸುದ್ದಿ ಹೇಳಿ ಮುಗಿಸಿದರು. ನನ್ನ ಕೈ ಕಿವಿಗೆ ಹೋಯಿತು. ಕಾಕು ಅದನ್ನು ನೋಡಿದರು.

"ಸಾಕ್ರಿ ಅಣ್ಣಾರ, ಹೆಸರು ಬ್ಯಾಡ. ಕೂಸು ನೋಡ್ರಿ ಹೆಂಗ ಕುಂತೈತಿ. ಯಾರ್ಯಾರ್ದೋ ಹೆಸರು ಕೇಳಿ ನಾವೇನ್ ಮಾಡೂದೈತಿ?"

ಅಪ್ಪ ಸುತ್ತ ನೋಡಿದರು. ಯಾರೂ 'ಓದಿ' ಎನ್ನಲಿಲ್ಲ. "ಹೌದು, ಇವತ್ತೊಂದು ದಿನ ಬಿಡುವ. ನಂಗೂ ಸಾಕಾಗಿದೆ," ಎಂದು ಪತ್ರಿಕೆ ಮಡಚಿಟ್ಟರು. ಯಾರೋ ಚಹಾ ತಂದರು. ಎಷ್ಟೋ ದಿನಗಳ ಮೇಲೆ ಗ್ಯಾಲರಿಯಲ್ಲಿ ಗಲಾಟೆಯ ಮಾತಿಲ್ಲದೆ ಒಂದು ಸಂಜೆ ಕಳೆಯಿತು. ನನಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಹಳೆಯ ಪತ್ರಿಕೆಯನ್ನು ಪಾತ್ರೆಯ ಹಲಗೆಗೆ ಹಾಸುವುದು ಅಕ್ಕನ ಕೆಲಸ. ಮರುದಿನ ಬೆಳಿಗ್ಗೆ ಹಾಸಲು ಬಿಡಿಸಿದವಳು ನಿಂತೇ ಬಿಟ್ಟಳು. ಶಾಲೆಯಲ್ಲಿ ಅವಳು ಇಂಗ್ಲಿಷ್ ಕಲಿಯುತ್ತಿದ್ದಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಅಪ್ಪನನ್ನು ಕರೆದಳು. ಗಾಯಗೊಂಡವರ ಪಟ್ಟಿಯಲ್ಲಿ ಅಣ್ಣನ ಹೆಸರು, ಇಪ್ಪತ್ತೆರಡು ವರ್ಷ, ನಮ್ಮ ಚಾಳಿನ ಹೆಸರು. ತಲೆಗೆ ಪೆಟ್ಟು ಎಂದಿತ್ತು. ಆಸ್ಪತ್ರೆ ಯಾವುದು ಎಂದೂ ಇತ್ತು. ನಮ್ಮ ಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ನಡಿಗೆ.

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕಾಕುವಿನ ಬಾಗಿಲು ತಟ್ಟಿದರು. ಇಬ್ಬರೂ ನಡೆದೇ ಹೋದರು. ಮಧ್ಯಾಹ್ನ ಅಪ್ಪ ಒಬ್ಬರೇ ಮೊದಲು ಬಂದರು. ಅಣ್ಣ ಬೆಳಗಿನ ಜಾವ ತೀರಿಕೊಂಡಿದ್ದ. ಹಿಂದಿನ ಸಂಜೆಯವರೆಗೂ ಎಚ್ಚರವಿದ್ದು, ಮನೆಯಿಂದ ಯಾರಾದರೂ ಬಂದರೇ ಎಂದು ಎರಡು ಸಲ ಕೇಳಿದ್ದನಂತೆ. ನರ್ಸ್ ಹೇಳಿದ್ದನ್ನಷ್ಟೇ ಅಪ್ಪ ಹೇಳಿದರು.

ಹತ್ತು ದಿನ ನಮ್ಮ ಮನೆಗೆ ಪತ್ರಿಕೆ ಬರಲಿಲ್ಲ. ಹನ್ನೊಂದನೆಯ ದಿನ ಕಾಕುವೇ ನಾಲ್ಕು ಗಂಟೆಗೆ ಬಂದು ಗ್ಯಾಲರಿಯಲ್ಲಿ ಕುಳಿತರು. "ಬ್ಯಾಡ ಅಂದಾಕಿ ನಾನಽ ರಿ, ನಿಮ್ಮದೇನ್ ತಪ್ಪಿಲ್ಲ," ಎಂದರು. "ಪೇಪರ್ ತರ್ರಿ ನಾಳಿಂದ. ಮೊದಲ ಹೆಸರು ಓದ್ರಿ. ಉಳಿದದ್ದು ಆಮ್ಯಾಲ. ಬ್ಯಾಡಾದವರು ಎದ್ದು ಹೋಗ್ಲಿ."

ಅಂದಿನಿಂದ ಅಪ್ಪ ಹಾಗೆಯೇ ಓದಿದರು. ಕಾಕು ಪ್ರತಿ ಹೆಸರನ್ನೂ ಕೇಳಿ, ಬಳಿಕ ಎದ್ದು ಒಳಗೆ ಹೋಗುತ್ತಿದ್ದರು. ನಾನು ಕಿವಿ ಮುಚ್ಚಲಿಲ್ಲ. ನನ್ನ ಎರಡು ಕೈಗಳನ್ನು ನೋಡಿ ಅವರು ಬೇಡ ಎಂದಿದ್ದರು. ಅದನ್ನು ಅವರು ಒಮ್ಮೆಯೂ ನನಗೆ ಹೇಳಲಿಲ್ಲ.

ಮೊಮ್ಮಕ್ಕಳೇ, ನಮಗೆ ದಿನಕ್ಕೊಮ್ಮೆ, ಹೋಟೆಲಿನವರ ಕೈ ದಾಟಿ ಬರುತ್ತಿದ್ದ ಸುದ್ದಿ ನಿಮಗೆ ಹಾಸಿಗೆ ಬಿಡುವ ಮುಂಚೆಯೇ ಫೋನಿನಲ್ಲಿ ಬಂದು ಬೀಳುತ್ತದೆ. ಯಾವ ಊರಿನದೋ ಸಾವು, ಅದರ ಬೆನ್ನಿಗೇ ಇನ್ನೊಂದು. "ಟೀವಿ ಬಂದ್ ಕರೋ ನಾ ಅಜ್ಜಾ, ಅದೇ ಅದೇ ತೋರಿಸ್ತಾರೆ," ಎಂದು ಜೋಗೇಶ್ವರಿಯ ನಮ್ಮ ಈಗಿನ ಮನೆಯಲ್ಲಿ ನೀವು ಗೊಣಗುತ್ತೀರಿ. ಅದು ಸೋಮಾರಿತನವಲ್ಲ, ನಿಜವಾದ ದಣಿವು ಎಂದು ನನಗೆ ಗೊತ್ತು. ನೀವು ಕೇಳಿದಾಗ ನಾನು ಟೀವಿ ಆರಿಸುತ್ತೇನೆ. ಮನೆಯವರಲ್ಲಿ ಒಬ್ಬರಾದರೂ ಇನ್ನೂ ಹೊರಗಿದ್ದರೆ ಮಾತ್ರ ಆರಿಸುವುದಿಲ್ಲ.