ಚಚಡಿಯ ಶಟ್ಟೆವ್ವನ ಕಾವಿನ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಚಡಿಯ ಅಂಚಿನ ಮಣ್ಣಿನ ಮನೆಯೊಂದರಲ್ಲಿ ಶಟ್ಟೆವ್ವ ಮರದ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕುಳಿತು, ತತ್ತಿಯೊಂದನ್ನು ಕಿವಿಗೆ ಹಿಡಿದಿದ್ದಾರೆ. ಒಳಗಿನಿಂದ ಸಣ್ಣಗೆ 'ಚಿಂವ್' ಎಂಬ ದನಿ. ನನ್ನ ಕಿವಿಗೂ ಹಿಡಿಯುತ್ತಾರೆ. "ಕೇಳ್ರಿ! ಇನ್ನೂ ಹೊರಗ ಬಂದಿಲ್ಲ, ಆಗಲೇ ಜಗಳಕ್ಕ ನಿಂತೈತಿ."

ಕೋಳಿ ಕಾವಿಗೆ ಕೂಡದೆ ಮರಿ ಮಾಡುವ ಪೆಟ್ಟಿಗೆ ಇದು. ಹೊರಗೊಂದು ಚಿಮಣಿ ದೀಪ ಉರಿಯುತ್ತದೆ. ತಗಡಿನ ಡಬ್ಬಿಯ ನೀರು ಬಿಸಿಯಾಗಿ ಒಳಗಿನ ತತ್ತಿಗಳಿಗೆ ಕಾವು ಕೊಡುತ್ತದೆ. ಹೇಂಟೆ ಮಾಡಬೇಕಾದ ಉಳಿದ ಕೆಲಸವೆಲ್ಲ ಶಟ್ಟೆವ್ವನವರದು. ದಿನಕ್ಕೆ ಮೂರು ನಾಲ್ಕು ಸಲ ತತ್ತಿ ಹೊರಳಿಸುತ್ತಾರೆ, ಹಸಿ ಅರಿವೆ ಇಟ್ಟು ತೇವ ಕಾಯುತ್ತಾರೆ, ಕಾವಿನ ಹದ ತಿಳಿಯಲು ತತ್ತಿಯನ್ನು ಕಣ್ಣರೆಪ್ಪೆಗೆ ಒತ್ತಿ ನೋಡುತ್ತಾರೆ. ನಲವತ್ತು ತತ್ತಿ ಇಟ್ಟು ಮೂವತ್ತು ಮರಿ ಬಂದರೆ ಮನೆಯಲ್ಲಿ ಹಬ್ಬ.

ಗಂಡ ಮಲಕಾಜಪ್ಪ ಬೆಳಗಾವಿಗೆ ಅರಳೆ ಗಾಡಿ ಹೊಡೆಯುತ್ತಾರೆ. ೧೯೦೮ರ ಸುಗ್ಗಿಯಲ್ಲಿ ಅಲ್ಲಿನ ಸಾಹೇಬರ ಬಂಗಲೆಯೊಂದರಲ್ಲಿ ಇಂಥ ಯಂತ್ರ ಕಂಡು, ಮನೆಗೆ ಬಂದು ನಗೆಯಾಡಿದರು. ಹೆಂಡತಿ ಮಾತ್ರ ನಗಲಿಲ್ಲ. "ಅದರ ಹೊಟ್ಟ್ಯಾಗ ಏನೈತಿ, ನೋಡ್ಕೊಂಡ ಬರ್ರಿ" ಎಂದು ಮುಂದಿನ ಸಲ ಹೇಳಿ ಕಳಿಸಿದರು. ಬಂಗಲೆಯ ಅಡುಗೆಯವನನ್ನು ಕಾಡಿಬೇಡಿ ಮಲಕಾಜಪ್ಪ ನೋಡಿಕೊಂಡು ಬಂದರು. ಬೈಲಹೊಂಗಲದ ತಗಡಿನ ಕೆಲಸದವನು ಡಬ್ಬಿ ಮಾಡಿಕೊಟ್ಟ. ಕಾಳು ತುಂಬುವ ಹಳೆಯ ಪೆಟ್ಟಿಗೆ ಖಾಲಿಯಾಯಿತು.

ಮೊದಲ ಸಲ ಉರಿ ಹೆಚ್ಚಾಗಿ ತತ್ತಿಗಳೆಲ್ಲ ಬೆಂದೇ ಹೋದವು. ಪಕ್ಕದ ಮನೆಯ ಲಗಮವ್ವ ಬಾವಿಯ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದರಂತೆ: "ಶಟ್ಟೆವ್ವಾ, ಉಪ್ಪು-ಖಾರ ಕೊಡಲೇನ?" ಎರಡನೆಯ ಸಲ ಥಂಡಿ ತಿಂದವು. ಮೂರನೆಯ ಸಲ ಏಳು ಮರಿ ಹೊರಬಂದವು. "ಏಳನ್ನೂ ಉಡಿಯೊಳಗ ಹಾಕ್ಕೊಂಡು ಓಣಿ ತುಂಬಾ ತಿರಗ್ಯಾಡಿ ಬಂದೆ ನೋಡ್ರಿ!"

ಹೋದ ವರ್ಷ ಮಳೆಗಾಲದ ಕೊನೆಗೆ ಊರಿನ ಕೋಳಿಗಳಿಗೆ ಬೇನೆ ಬಂತು. ವಾರದೊಳಗೆ ಓಣಿಯ ಒಂದು ಹುಂಜವೂ ಉಳಿಯಲಿಲ್ಲ. ಶಟ್ಟೆವ್ವನವರ ಅಂಗಳವೂ ಬರಿದಾಯಿತು. "ಮುಂಜಾನೆ ಕೂಗವರಿಲ್ಲ, ಕೆದರವರಿಲ್ಲ. ಅಂಗಳ ಕಸಾ ಹೊಡಿಯಾಕ ಮನಸ್ಸ ಬರ್ತಿರಲಿಲ್ರಿ."

ಅಕ್ಕ ಸುಂದರವ್ವನ ಊರು ಸುರೇಬಾನಕ್ಕೆ ಬೇನೆ ಮುಟ್ಟಿಲ್ಲವೆಂಬ ಸುದ್ದಿ ಬಂತು. ಮನೆಗೂ ಪೆಟ್ಟಿಗೆಗೂ ಸುಣ್ಣ ಬಳಿದು, ಗಂಡ ಹೆಂಡತಿ ಗಾಡಿ ಹೂಡಿದರು. ಅಕ್ಕ ಕೊಟ್ಟ ತತ್ತಿಗಳನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿ ಇಟ್ಟು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಶಟ್ಟೆವ್ವ ಮರಳಿ ಚಚಡಿ ಮುಟ್ಟಿದರು. "ಗಾಲಿ ಕಲ್ಲ ಹತ್ತಿದಾಗೊಮ್ಮೆ ನನಗ ಬೈಗುಳ" ಎಂದು ಮಲಕಾಜಪ್ಪ ನಗುತ್ತಾರೆ. "ಎತ್ತಿಗೆ ಒಂದ ಮಾತ ಅನ್ನಲಿಲ್ರಿ!"

ತತ್ತಿ ಒಡೆಯಲು ಇನ್ನೆರಡು ದಿನವಿದ್ದಾಗ ಚಿಮಣಿ ಎಣ್ಣೆ ಮುಗಿಯಿತು. ಸಂತೆ ದೂರವಿತ್ತು. ಆಗ ಬಾಟಲಿ ಹಿಡಿದು ಬಂದವರು ಲಗಮವ್ವ. "ನಮ್ಮ ಮನ್ಯಾಗ ಕತ್ತಲಾದ್ರ ನಡೀತೈತಿ. ಇಲ್ಲಿ ದೀಪ ಆರಬಾರದವ್ವಾ" ಎಂದು ಇದ್ದಷ್ಟೂ ಎಣ್ಣೆ ಸುರಿದುಕೊಟ್ಟರು.

ಮರಿಗಳು ಹೊರಬಂದ ದಿನ ಓಣಿಯೇ ಪಡಸಾಲೆಯಲ್ಲಿ ನೆರೆಯಿತು. ಜೋಳದ ನುಚ್ಚು ತಿನ್ನಿಸಿ, ಬುಟ್ಟಿ ಕವುಚಿ ಗಿಡುಗನಿಂದ ಕಾದು, ರೆಕ್ಕೆ ಬಲಿತ ಮೇಲೆ ಶಟ್ಟೆವ್ವ ಮನೆಮನೆಗೆ ಮರಿ ಹಂಚಿದರು. ಲಗಮವ್ವನಿಗೆ ಮೊದಲ ಆಯ್ಕೆ. ಅವರು ಹಿಡಿದದ್ದು ಎಲ್ಲಕ್ಕಿಂತ ಗದ್ದಲದ ಕೆಂಪು ಹುಂಜವನ್ನು. ಈಗ ಬೆಳಗಾದರೆ ಓಣಿಯಲ್ಲಿ ಮಾತು ಕೇಳಿಸುವುದಿಲ್ಲ, ಅಷ್ಟು ಕೂಗು. ಅಂಗಳದ ಹೊಸ ಮರಿಗಳು ಶಟ್ಟೆವ್ವನನ್ನೇ ತಾಯಿಯೆಂದು ತಿಳಿದು, ನೀರಿಗೆ ಹೊರಟರೆ ಬಾವಿಯವರೆಗೂ ಸಾಲುಗಟ್ಟಿ ಹಿಂದೆ ಬರುತ್ತವೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ.

"ಬಾತುಕೋಳಿ ನಾ ಕಣ್ಣಿಲೆ ಕಂಡಿಲ್ರಿ. ನಾಕ ತತ್ತಿ ಸಿಕ್ರ ಸಾಕು, ಮರಿ ಮಾಡಿ ನಮ್ಮೂರ ಕೆರಿಗೆ ಬಿಡತೇನಿ."

ಮಲಕಾಜಪ್ಪ ಎತ್ತಿನ ಕೊರಳ ಹಗ್ಗ ಬಿಗಿಯುತ್ತಲೇ ಹೇಳುತ್ತಾರೆ: "ತಂದು ಕೊಡತೇನಿ. ಆದ್ರ ನೀ ಮೊದಲ ಈಜ ಕಲಿ. ನೀ ಇಳೀಲಿಲ್ಲಂದ್ರ ಅವೂ ನೀರಿಗೆ ಇಳಿಯೂದಿಲ್ಲ."